ಗಲ್ಫ್ ಉದ್ಯೋಗ: ವಿಮಾನ ಹತ್ತುವ ಮೊದಲು ಕಾಗದಪತ್ರ ನೋಡಿಕೊಳ್ಳಿ

ನಮ್ಮ ಕರಾವಳಿಯ ಮನೆಗಳಿಗೆ ಗಲ್ಫ್ ಹೊಸದಲ್ಲ. ಆದರೂ ವೀಸಾ ಬಂದ ಸಂತೋಷದಲ್ಲಿ ಅನೇಕರು ಪಾಸ್‌ಪೋರ್ಟನ್ನು ಸರಿಯಾಗಿ ನೋಡದಿರುವುದನ್ನು ನಾವು ಕಾಣುತ್ತೇವೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂದು ನಮೂದಾಗಿರುತ್ತದೆ. ಇಂಥವರು ಸೌದಿ, ಕುವೈತ್, ಕತಾರ್, ಯುಎಇ ಮುಂತಾದ ದೇಶಗಳಿಗೆ ಕೆಲಸಕ್ಕೆ ತೆರಳುವಾಗ 1983ರ ವಲಸೆ ಕಾಯ್ದೆಯಂತೆ ಸರಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಪಡೆಯಬೇಕು. ಅರ್ಜಿಯನ್ನು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಸಲ್ಲಿಸಬೇಕು.

ಇದನ್ನು ತಪ್ಪಿಸಲು ಕೆಲವು ಏಜೆಂಟರು ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿದರಾಯಿತು’ ಎನ್ನುತ್ತಾರೆ. ಒಪ್ಪಬೇಡಿ. ವಿಸಿಟ್ ವೀಸಾದಲ್ಲಿ ದುಡಿಯಲು ಅನುಮತಿಯಿಲ್ಲ. ಸಂಬಳ ಸಿಗದಿದ್ದರೆ ತೋರಿಸಲು ಸರಕಾರದಲ್ಲಿ ದಾಖಲಾದ ಕರಾರುಪತ್ರವೂ ಇರುವುದಿಲ್ಲ.

ಕ್ಲಿಯರೆನ್ಸ್ ಪಡೆಯುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ದೊರೆಯುತ್ತದೆ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ರಶೀದಿ ಕೇಳಿ ಪಡೆಯಿರಿ.

ಪಾಸ್‌ಪೋರ್ಟ್, ವೀಸಾ, ಕರಾರುಪತ್ರ, ವಿಮಾಪತ್ರಗಳ ಒಂದೊಂದು ನಕಲು ಮನೆಯಲ್ಲಿರಲಿ. ಕಷ್ಟ ಬಂದಾಗ ಮನೆಯವರು ಮೊದಲು ಹುಡುಕುವುದು ಇವನ್ನೇ. ವಾಳೆಯ ಗುರಿಕಾರರು ಈ ವಿಷಯವನ್ನು ಮನೆಮನೆಗೆ ತಿಳಿಸಬೇಕಾಗಿ ನಮ್ಮ ವಿನಂತಿ.