ಓಟಕ್ಕೆ ಮರಳುವವನೂ ಅವನ ನಾಯಿಯೂ

ನಾಯಿಯು ಮನುಷ್ಯನ ಸಂಗಾತಿಯಾಗಿ ಹದಿನಾಲ್ಕು ಸಾವಿರ ವರ್ಷಗಳಿಗೆ ಕಡಮೆಯಿಲ್ಲ. ಬೇಟೆಯ ಬೆನ್ನು ಹತ್ತಿ ಈ ಎರಡು ಜೀವಿಗಳೂ ಕೂಡಿಯೇ ಓಡಿದುವು. ಇಂದು ಬೇಟೆ ನಿಂತಿದೆ, ಓಟ ಉಳಿದಿದೆ. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ ನಸುಕಿನಲ್ಲಿ ಸಂಚರಿಸಿದರೆ, ಸೈನ್ಯದ ಅಥವಾ ಪೊಲೀಸು ದಳದ ಭರ್ತಿಗಾಗಿ ಓಡುವ ತರುಣರು ಕಾಣಸಿಗುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಓಟವನ್ನು ಬಿಟ್ಟು, ಬೇಸಗೆಯ ರಜೆಯಲ್ಲಿ ಮತ್ತೆ ಆರಂಭಿಸುವವರೂ ಇವರಲ್ಲಿ ಉಂಟು. ಮನೆಯಲ್ಲಿ ಚುರುಕಾದ ನಾಯಿಯಿದ್ದರೆ ಅದೂ ಜೊತೆಗೆ ಹೊರಡುತ್ತದೆ. ಒಬ್ಬನ ದೇಹ ಓಟವನ್ನು ಮರೆತಿದೆ. ಇನ್ನೊಂದರ ದೇಹ ಓಟಕ್ಕಾಗಿ ಹಾತೊರೆಯುತ್ತಿದೆ. ಈ ಜೋಡಿಯಲ್ಲಿ ಅಪಾಯ ಯಾರಿಗೆ? ಇಬ್ಬರಿಗೂ ಉಂಟು, ಆದರೆ ಅದರ ಬಗೆ ಬೇರೆ ಬೇರೆ.

ಬಿಟ್ಟರೆ ಇಳಿಯುವ ಶಕ್ತಿ

ಓಟವನ್ನು ನಿಲ್ಲಿಸಿದವನಲ್ಲಿ ಮೊದಲು ಕುಂದುವುದು ಕಾಲಿನ ಬಲವಲ್ಲ, ರಕ್ತದ ಪ್ರಮಾಣ. ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವು ಇಳಿಯುತ್ತದೆ. ಹೃದಯವು ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತವೂ ಅದರೊಡನೆ ಕಡಮೆಯಾಗುತ್ತದೆ. ಆದುದರಿಂದ ಸ್ನಾಯುಗಳಿಗೆ ತಲುಪುವ ಆಮ್ಲಜನಕವೂ ಕಡಮೆ.

ಇದನ್ನು ಸ್ಪಷ್ಟಪಡಿಸಿದ ಪ್ರಸಿದ್ಧ ಪ್ರಯೋಗವೊಂದು 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆಯಿತು. ಇಪ್ಪತ್ತು ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಲಾಯಿತು. ಅಷ್ಟರಲ್ಲಿ ಅವರ ದೇಹವು ಆಮ್ಲಜನಕವನ್ನು ಬಳಸಬಲ್ಲ ಗರಿಷ್ಠ ಶಕ್ತಿಯು ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಾಗಿ ಕುಸಿದಿತ್ತು. ಮೂವತ್ತು ವರ್ಷಗಳ ಬಳಿಕ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂರು ದಶಕಗಳ ಮುಪ್ಪು ತಂದ ನಷ್ಟವು ಅಂದಿನ ಮೂರು ವಾರಗಳ ನಷ್ಟಕ್ಕಿಂತ ಕಡಮೆಯೆಂದು ತಿಳಿದುಬಂದಿತು! ಆರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿದ ಮೇಲೆ, ಹಾಸಿಗೆ ಹಿಡಿಯುವ ಮುನ್ನ ತಮಗಿದ್ದ ಮಟ್ಟಕ್ಕೆ ಅವರು ಮರಳಿದರು. ಸೋಮಾರಿತನವು ಬೇಗನೆ ಕಸಿದುಕೊಳ್ಳುತ್ತದೆ. ಆದರೆ ಕಳೆದುದನ್ನು ಮತ್ತೆ ಗಳಿಸಬಹುದು ಎಂಬುದೇ ಇದರ ಸಾರ.

ಎಲುಬಿಗೆ ಅವಸರವಿಲ್ಲ

ಆದರೆ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ರಕ್ತ ಮತ್ತು ಹೃದಯ ಕೆಲವು ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿದ ರಜ್ಜುಗಳಿಗೆ ರಕ್ತದ ಪೂರೈಕೆ ಅಲ್ಪವಾದುದರಿಂದ ಅವು ನಿಧಾನವಾಗಿ ಬಲಗೊಳ್ಳುತ್ತವೆ. ಎಲುಬಿನ ರೀತಿ ಇನ್ನೂ ವಿಚಿತ್ರ. ಅದು ಹೊಸ ಭಾರಕ್ಕೆ ಸಿದ್ಧವಾಗುವಾಗ ಮೊದಲು ಹಳೆಯ ಭಾಗವನ್ನು ಕರಗಿಸಿ, ಬಳಿಕ ಹೊಸದನ್ನು ಕಟ್ಟುತ್ತದೆ. ಈ ಕೆಲಸಕ್ಕೆ ಮೂರು ನಾಲ್ಕು ತಿಂಗಳು ಬೇಕು. ನಡುವಿನ ಕಾಲದಲ್ಲಿ ಅದು ತುಸು ದುರ್ಬಲವಾಗಿರುತ್ತದೆ. ಓಡುವವನ ಒಂದೊಂದು ಹೆಜ್ಜೆಗೂ ಅವನ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಉಸಿರು ಸುಧಾರಿಸಿತೆಂಬ ಧೈರ್ಯದಿಂದ ಓಟವನ್ನು ಒಮ್ಮೆಗೇ ಹೆಚ್ಚಿಸಿದರೆ ಮೊಣಕಾಲಿನ ಕೆಳಗಣ ಎಲುಬಿನಲ್ಲಿ ಸೂಕ್ಷ್ಮ ಬಿರುಕು ಬಿಡಬಹುದು. ಹಗ್ಗವನ್ನು ಜಗ್ಗುತ್ತ ಮುನ್ನುಗ್ಗುವ ನಾಯಿಯು ಇಂತಹ ಅವಸರವನ್ನೇ ಕಲಿಸುತ್ತದೆ.

ಬೆವರದ ಓಟಗಾರ

ಇನ್ನು ನಾಯಿಯ ಸಂಗತಿ. ಐವತ್ತು ಕಿಲೊಗ್ರಾಂ ತೂಕದ ವಿದ್ಯಾರ್ಥಿಯು 5 ಕಿಲೊಮೀಟರ್ ಓಡಿದರೆ ಸುಮಾರು 250 ಕಿಲೊಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ಅದರ ಬಹುಪಾಲು ಶಾಖವೇ. ಈ ಶಾಖವೆಲ್ಲ ಒಳಗೇ ಉಳಿದರೆ ಮೈಯ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಏರೀತು, ಅದು ಪ್ರಾಣಾಂತಿಕ. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆದುದರಿಂದ ಅರ್ಧ ಲೀಟರಿಗೂ ಕಡಮೆ ಬೆವರು ಈ ಓಟಗಾರನನ್ನು ಕಾಪಾಡಬಲ್ಲುದು. ಇದಕ್ಕಾಗಿ ನಮ್ಮ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಗ್ರಂಥಿಗಳಿವೆ.

ನಾಯಿಗೆ ಈ ಸೌಕರ್ಯವಿಲ್ಲ. ಅದು ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ. ಮೂಗು, ಬಾಯಿ, ನಾಲಗೆಗಳ ತೇವವನ್ನು ಏದುಸಿರಿನಿಂದ ಆವಿಯಾಗಿಸಿ ಅದು ತಣಿಯಬೇಕು. ನಾಯಿ ನಿಮಿಷಕ್ಕೆ ಸುಮಾರು 300 ಸಲ ಏದುತ್ತದೆ. ಇಷ್ಟು ಶ್ರಮದಿಂದಲೇ ಮತ್ತಷ್ಟು ಶಾಖ ಹುಟ್ಟಬೇಡವೇ? 1962ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ಇದಕ್ಕೆ ಉತ್ತರವಿತ್ತನು. ಉಯ್ಯಾಲೆಯನ್ನು ಅದರ ಸಹಜವಾದ ತೂಗಿಗೆ ಹೊಂದಿಸಿ ನೂಕಿದರೆ ಅಲ್ಪ ಬಲ ಸಾಕಾಗುವಂತೆ, ನಾಯಿಯು ತನ್ನ ಎದೆಗೂಡಿನ ಸಹಜ ಕಂಪನಕ್ಕೆ ಹೊಂದಿಕೊಂಡೇ ಏದುತ್ತದೆ.

ಆದರೆ ನಾಗಾಲೋಟದಲ್ಲಿ ಈ ಉಪಾಯವೂ ಕೈಕೊಡುತ್ತದೆ. ಚತುಷ್ಪಾದಿಗಳು ಹಾರಿ ಓಡುವಾಗ ಒಂದು ನೆಗೆತಕ್ಕೆ ಒಂದೇ ಉಸಿರು. ಎದೆಯು ಕಾಲುಗಳ ತಾಳಕ್ಕೆ ಕಟ್ಟುಬಿದ್ದಿರುತ್ತದೆ. ಎರಡು ಕಾಲಿನ ಮನುಷ್ಯನಿಗೆ ಈ ಕಟ್ಟಿಲ್ಲವೆಂಬುದನ್ನು ಬ್ರಾಂಬಲ್ ಮತ್ತು ಕ್ಯಾರಿಯರ್ ಎಂಬವರು 1983ರಲ್ಲಿ ತೋರಿಸಿದರು. ನಮ್ಮ ನಾಡಿನ ಮುಧೋಳ ನಾಯಿಯನ್ನೇ ನೋಡಿರಿ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೆರೆದ ಈ ತಳಿಯು ಮೊಲದ ಬೆನ್ನಟ್ಟುವ ಕಿರು ಓಟದಲ್ಲಿ ಮನುಷ್ಯನನ್ನು ಎಷ್ಟೋ ಹಿಂದೆ ಹಾಕುತ್ತದೆ. ಬಿಸಿಲಿನ ದೀರ್ಘ ಓಟದಲ್ಲಿ ಮಾತ್ರ ಗೆಲವು ಬೆವರುವವನದು. ಆದರೂ ಒಡೆಯನನ್ನು ಬಿಟ್ಟು ನಿಲ್ಲಲೊಲ್ಲದ ನಾಯಿಯು ಕುಸಿಯುವವರೆಗೂ ಓಡೀತು.

ನೆಲ, ಗಾಳಿ, ಕಾಲ

ಸವಣೂರಿನ ಏಪ್ರಿಲ್ ತಿಂಗಳಿನ ಬಿಸಿಲು ಎದುರಾದರೆ ಏದುಸಿರು ಸಾಲದು. ಅರೆಮಲೆನಾಡಾದ ಹಾನಗಲ್ಲಿನ ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೂ ಗಾಳಿಯು ತೇವದಿಂದ ತುಂಬಿರುತ್ತದೆ. ತೇವದ ಗಾಳಿಯಲ್ಲಿ ಬೆವರೂ ಆರದು, ನಾಲಗೆಯೂ ಆರದು. ಆದುದರಿಂದ ಎರಡು ಕಾಲಗಳಲ್ಲಿಯೂ ಸೂರ್ಯೋದಯಕ್ಕೆ ಮುನ್ನ ಓಡುವುದು ಲೇಸು. ಶಿಗ್ಗಾಂವಿಯ ಬಳಿಯ ಹೆದ್ದಾರಿಯಂತಹ ಡಾಂಬರು ರಸ್ತೆಗಿಂತ ಹೊಲದ ಮಣ್ಣುದಾರಿಯೂ, ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಹಿರೇಕೆರೂರಿನಂತಹ ಊರುಗಳ ಕೆರೆಯಂಚಿನ ಹಾದಿಯೂ ಉತ್ತಮ. ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ಅಲ್ಲಿ ನಾಯಿಯ ಅಂಗಾಲು ಸುಡುತ್ತದೆ.

ಓಟಕ್ಕೆ ಮರಳುವವನು ಮೊದಲ ವಾರಗಳಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಲಿ. ದಿನ ಬಿಟ್ಟು ದಿನ ಓಡಲಿ. ಈ ಕ್ರಮವು ಅವನ ಎಲುಬಿಗೆ ಬಿಡುವನ್ನು ಕೊಡುತ್ತದೆ; ನಾಯಿಗೆ ನಡಿಗೆಯ ವೇಳೆಯಲ್ಲಿ ಮನಸಾರೆ ಏದುವ ಅವಕಾಶವನ್ನೂ ಕೊಡುತ್ತದೆ. ಬೆಳೆಯುತ್ತಿರುವ ಮರಿಯನ್ನು ದೂರ ಓಡಿಸಬಾರದು. ಉಂಡೊಡನೆ ಯಾವ ನಾಯಿಯನ್ನೂ ಓಡಿಸಬಾರದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರೆಯಬಾರದು. ನಾಲಗೆ ಕಡುಗೆಂಪಾಗಿ, ಜೊಲ್ಲು ಗಟ್ಟಿಯಾಗಿ, ಹೆಜ್ಜೆ ತಡವರಿಸಿದರೆ ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಹೀಗೆ ತಣಿಸಿದ ಬಳಿಕವೇ ಪಶುವೈದ್ಯರಲ್ಲಿಗೆ ಹೊರಡಬೇಕು.

ಉತ್ಸಾಹವು ನಾಯಿಯದಾಗಿರಲಿ, ವೇಗವನ್ನು ಗೊತ್ತುಮಾಡುವ ಹೊಣೆ ಮಾತ್ರ ಮನುಷ್ಯನದು. ತನ್ನ ಎಲುಬು, ತನ್ನ ನಾಯಿ, ಇವೆರಡೂ ಬಾಯಿಬಿಟ್ಟು ಹೇಳಲಾರದ ಮಾತನ್ನು ಮೊದಲೇ ಅರಿಯಬಲ್ಲವನು ಅವನೊಬ್ಬನೇ.