ಪರಾಭಿಪ್ರಾಯದ ಊಹೆಯೂ ಮೆದುಳಿನ ವ್ಯಾಪಾರವೂ

ಒಬ್ಬನ ಅಭಿಪ್ರಾಯವು ಮತ್ತೊಬ್ಬನಿಗೆ ಪ್ರತ್ಯಕ್ಷವಾಗತಕ್ಕುದಲ್ಲ. ಕಣ್ಣಿಗೆ ಬೀಳುವುದು ಕೈಯ ಚಲನೆ, ನೋಟ, ಮುಖದ ಬಣ್ಣ ಇಷ್ಟೆ, ಉಳಿದುದನ್ನು ಊಹಿಸಿಕೊಳ್ಳಬೇಕು. ಆಲಂಕಾರಿಕರಿಗೆ ಇದು ಹೊಸ ವಿಷಯವಲ್ಲ. ದಂಡಿಯು ಕಾವ್ಯಾದರ್ಶದಲ್ಲಿ, ಇಂಗಿತದಿಂದಲೂ ಆಕಾರದಿಂದಲೂ ತಿಳಿಯಬರುವ ಅರ್ಥಕ್ಕೆ ಸೂಕ್ಷ್ಮಾಲಂಕಾರವೆಂದು ಹೆಸರಿಟ್ಟನು. ಶ್ರೀಶಂಕುಕನು ರಸಪ್ರತೀತಿಯನ್ನೇ ಅನುಮಿತಿಯೆಂದನು. ಈ ಊಹೆಯು ಮೆದುಳಿನಲ್ಲಿ ನಡೆಯುವ ಬಗೆಯಾದರೋ ಈಚಿನ ಪ್ರಯೋಗಗಳಿಂದ ಪರೀಕ್ಷೆಗೆ ಒಳಪಟ್ಟಿರುವುದು.

ಇಲ್ಲಿ ಒಂದು ತೊಡಕುಂಟು. ಹೊಗೆಯು ಬೆಂಕಿಯನ್ನು ಬಿಟ್ಟಿರದು. ಆದರೆ ಎತ್ತಿದ ಕೈಯು ಹರಸುವುದಕ್ಕೂ ಆಗಬಹುದು, ಹೊಡೆಯುವುದಕ್ಕೂ ಆಗಬಹುದು. ತಾರ್ಕಿಕರ ಪರಿಭಾಷೆಯಲ್ಲಿ ಕೇವಲ ಕ್ರಿಯೆಯು ಸವ್ಯಭಿಚಾರ ಹೇತು. ಇಂತಹ ಹೇತುವಿನಿಂದ ಮೆದುಳು ನಿಶ್ಚಯಕ್ಕೆ ಬರುವುದೆಂತು?

ಇಟಲಿಯ ಪಾರ್ಮಾ ನಗರದಲ್ಲಿ ಜಾಕೊಮೊ ರಿಝೊಲಾಟಿಯವರೂ ಅವರ ಸಂಗಡಿಗರೂ ಕೋತಿಗಳ ಮೆದುಳಿನಲ್ಲಿ ಕಂಡ ಕೆಲವು ನರಕೋಶಗಳ ವಿಚಾರವನ್ನು 1992ರಲ್ಲಿ ಪ್ರಕಟಿಸಿದರು. ಕೋತಿಯು ತಾನೇ ವಸ್ತುವನ್ನು ಹಿಡಿದಾಗಲೂ, ಅನ್ಯರು ಹಿಡಿಯುವುದನ್ನು ನೋಡಿದಾಗಲೂ ಇವು ಸ್ಪಂದಿಸುವುವು. ಆದುದರಿಂದ ಇವಕ್ಕೆ ಕನ್ನಡಿ ನರಕೋಶಗಳೆಂಬ ಅರ್ಥದ ಹೆಸರು ಬಂದಿತು. ಆದರೆ ಕನ್ನಡಿಯು ಕ್ರಿಯೆಯನ್ನು ತೋರಬಲ್ಲುದೇ ಹೊರತು ಅಭಿಪ್ರಾಯವನ್ನಲ್ಲ. 2005ರಲ್ಲಿ ಆ ತಂಡದವರೇ ಮುಂದಿನ ಹೆಜ್ಜೆಯಿಟ್ಟರು. ಆಹಾರದ ತುಣುಕನ್ನು ತಿನ್ನಲು ಹಿಡಿದಾಗ ಕೆಲವು ಕೋಶಗಳು, ಪಾತ್ರೆಗೆ ಹಾಕಲು ಹಿಡಿದಾಗ ಬೇರೆ ಕೆಲವು ಹೆಚ್ಚಾಗಿ ಸ್ಪಂದಿಸಿದುವು. ಅನ್ಯರ ಕ್ರಿಯೆಯನ್ನು ನೋಡುವಾಗಲೂ ಹಾಗೆಯೇ. ಹಿಡಿತವು ಎರಡೆಡೆಯೂ ಒಂದೇ ಬಗೆಯದು. ಮುಂದಿನ ಕ್ರಿಯೆಯು ಇನ್ನೂ ನಡೆದಿಲ್ಲ. ನೋಡುವ ಕೋತಿಗೆ ಭೇದವನ್ನು ಸೂಚಿಸಿದುವು ಎದುರಿಗೆ ಪಾತ್ರೆಯಿದ್ದುದು ಮತ್ತು ಹಿಡಿದ ವಸ್ತುವಿನ ಸ್ವರೂಪ. ಹೇತುವಿನ ವ್ಯಭಿಚಾರವನ್ನು ಪ್ರಕರಣವು ಪರಿಹರಿಸಿತೆಂದು ಹೇಳಬಹುದು.

ಕ್ರಿಯೆಯಲ್ಲಿ ತೋರದ ನಂಬಿಕೆಗಳನ್ನು ತಿಳಿಯುವುದಕ್ಕೆ ಇಷ್ಟು ಸಾಲದು. ರೆಬೆಕಾ ಸ್ಯಾಕ್ಸ್ ಮತ್ತು ನ್ಯಾನ್ಸಿ ಕಾನ್ವಿಶರ್ ಎಂಬ ಅಮೆರಿಕದ ವಿದುಷಿಯರು, ಪರರ ನಂಬಿಕೆಗಳನ್ನು ಕುರಿತ ಕಥೆಗಳನ್ನು ಓದುವಾಗ ಕಿವಿಯ ಮೇಲ್ಬದಿಗೆ, ತುಸು ಹಿಂದಕ್ಕಿರುವ ಮೆದುಳಿನ ಒಂದು ಸಂಧಿಪ್ರದೇಶವು ವಿಶೇಷವಾಗಿ ಪ್ರವರ್ತಿಸುವುದೆಂದು 2003ರಲ್ಲಿ ತೋರಿಸಿದರು. 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಬಲಭಾಗದ ಈ ಪ್ರದೇಶದ ವ್ಯಾಪಾರವನ್ನು ಕಾಂತಶಕ್ತಿಯಿಂದ ಸ್ವಲ್ಪಕಾಲ ಕದಡಲಾಯಿತು. ಆಗ, ಕೇಡನ್ನೆಣಿಸಿ ವಿಫಲನಾದವನ ಕೃತ್ಯವು ಪರೀಕ್ಷೆಗೆ ಒಳಗಾದವರಿಗೆ ಅಷ್ಟು ದೋಷಯುಕ್ತವಾಗಿ ತೋರಲಿಲ್ಲ. ಅಭಿಪ್ರಾಯದ ತೂಕ ಕುಗ್ಗಿ, ಫಲದ ತೂಕ ಹೆಚ್ಚಿತು. ನ್ಯಾಯಾನ್ಯಾಯವಿವೇಚನೆಯೂ ಈ ಊಹೆಯನ್ನು ಎಷ್ಟರಮಟ್ಟಿಗೆ ಆಶ್ರಯಿಸಿರುವುದೆಂಬುದು ಇದರಿಂದ ವೇದ್ಯವಾಗುವುದು.

ಇಷ್ಟರಿಂದ ಪ್ರಾಚೀನರು ನರಕೋಶಗಳನ್ನು ಅರಿತಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅವರು ವಿಚಾರಿಸಿದುದು ಜ್ಞಾನದ ಕ್ರಮವನ್ನು, ಇವರು ಅಳೆದುದು ಅಂಗದ ವ್ಯಾಪಾರವನ್ನು. ಆದರೂ ಎರಡು ವಿಚಾರಗಳೂ ಒಂದೆಡೆ ಕೂಡುವುವು: ಪ್ರಕರಣವನ್ನುಳಿದ ಕ್ರಿಯೆಯು ಅಭಿಪ್ರಾಯಕ್ಕೆ ಸಾಕ್ಷಿಯಾಗಲಾರದು. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಪತ್ನಿಯನ್ನು ನಿರಾಕರಿಸುವನು. ಶಾಪವನ್ನರಿಯದ ಶಕುಂತಲೆಯು ಅದರಿಂದ ವಂಚನೆಯನ್ನು ಊಹಿಸುವಳು; ಶಾಪವನ್ನು ಬಲ್ಲ ಪ್ರೇಕ್ಷಕನು ಮರೆವನ್ನು ಕಾಣುವನು. ಕ್ರಿಯೆ ಒಂದೇ, ಅನುಮಾನ ಎರಡು. ಪಾತ್ರಗಳ ಗುಣದೋಷಗಳನ್ನು ವಿದ್ಯಾರ್ಥಿಗಳಿಗೆ ಬೋಧಿಸುವವರು ಮೊದಲು ಕೇಳತಕ್ಕುದು, ಪಾತ್ರವು ಏನು ಮಾಡಿತೆಂಬುದನ್ನಲ್ಲ. ಏನನ್ನು ತಿಳಿದು, ಏನನ್ನು ತಿಳಿಯದೆ ಮಾಡಿತೆಂಬುದನ್ನು.