ಸಂಬಳವಿಲ್ಲದ ಆಟಗಾರ್ತಿಯ ಲೆಕ್ಕ

ನಮ್ಮ ಅಬ್ಬಾ ಬಳೆ ವ್ಯಾಪಾರಿ. ಸ್ವಂತ ಅಂಗಡಿ ಇಲ್ಲ. ಎಲ್ಲಿ ಉರುಸ್, ಎಲ್ಲಿ ಜಾತ್ರೆ, ಅಲ್ಲಿ ನಾಲ್ಕು ದಿನ ಮಳಿಗೆ ಹಾಕುತ್ತಾರೆ. ಒಂದು ರಾತ್ರಿ ನಾನು ಮೊಬೈಲ್‌ನಲ್ಲಿ ಅದಿತಿ ಅಶೋಕ್ ಗಾಲ್ಫ್ ಆಡುವ ವಿಡಿಯೊ ನೋಡುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅಬ್ಬಾ, "ಇಸ್ಕು ಪಗಾರ್ ಕಿತ್ತಾ?" ಎಂದು ಕೇಳಿದರು. ಈಕೆಗೆ ಸಂಬಳ ಎಷ್ಟು ಎಂದು. ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದ ಮೇಲೆ ಗೊತ್ತಾಯಿತು, ಸಂಬಳವೇ ಇಲ್ಲ. ಅಬ್ಬಾ ನಕ್ಕು, "ಹಾಗಾದರೆ ನಮ್ಮ ಹಾಗೇ" ಎಂದರು. ಅಲ್ಲಿಂದ ಈ ಲೆಕ್ಕದ ಹಿಂದೆ ಬಿದ್ದೆ.

ಅದಿತಿ ನಮ್ಮ ಬೆಂಗಳೂರಿನವರು, ಹುಟ್ಟಿದ್ದು 1998ರಲ್ಲಿ. ಅವರ ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಐದು ವರ್ಷದ ಮಗಳ ಜೊತೆ ಅಪ್ಪ ಅಮ್ಮ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುತ್ತಿತ್ತಂತೆ. ಮಗು ಹಟ ಹಿಡಿಯಿತು, ಮೂವರೂ ಒಟ್ಟಿಗೆ ಕಲಿಯಲು ಹೋದರು. 2015ರ ಡಿಸೆಂಬರ್‌ನಲ್ಲಿ ಅದಿತಿ ಮೊರಾಕ್ಕೊ ದೇಶಕ್ಕೆ ಹೋಗಿ ಲಲ್ಲಾ ಆಯಿಷಾ ಟೂರ್ ಸ್ಕೂಲ್ ಎಂಬ ಅರ್ಹತಾ ಸ್ಪರ್ಧೆಯನ್ನು ಗೆದ್ದರು. ಸ್ಕೂಲ್ ಎಂದರೆ ಪಾಠ ಇಲ್ಲ, ಪರೀಕ್ಷೆ ಮಾತ್ರ. ಅದರಲ್ಲಿ ಮುಂದೆ ಬಂದವರಿಗೆ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಆಡುವ ಹಕ್ಕು ಸಿಗುತ್ತದೆ, ಅದನ್ನು 'ಕಾರ್ಡ್' ಎನ್ನುತ್ತಾರೆ. ಆಗ ಅವರಿಗೆ ಹದಿನೇಳು ವರ್ಷ, ಹನ್ನೆರಡನೇ ತರಗತಿ. ಇದನ್ನು ಓದುವಾಗ ನನ್ನ ಮೇಜಿನ ಮೇಲೆ ಅಕೌಂಟೆನ್ಸಿ ಪುಸ್ತಕ ಬಿಡಿಸಿಯೇ ಇತ್ತು.

ಟೂರ್ ಎಂದರೆ ಪ್ರವಾಸ ಎಂದುಕೊಳ್ಳಬೇಡಿ. ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುವ ಸ್ಪರ್ಧೆಗಳ ಸರಣಿ ಅದು. ಹೆಸರು ಯುರೋಪಿಯನ್ ಆದರೂ ಮೊರಾಕ್ಕೊ, ಕೀನ್ಯಾ, ಸೌದಿ ಅರೇಬಿಯಾ, ಭಾರತ ಎಲ್ಲ ಕಡೆ ನಡೆದಿದೆ. ಇನ್ನೂ ದೊಡ್ಡದು ಅಮೆರಿಕದ ಎಲ್‌ಪಿಜಿಎ ಟೂರ್. ಅದಿತಿ 2017ರಿಂದ ಅಲ್ಲಿಯೂ ಆಡುತ್ತಿದ್ದಾರೆ. ಸಾಮಾನ್ಯವಾಗಿ ಸೋಮವಾರ ಊರು ತಲುಪಬೇಕು. ಆಮೇಲೆ ಮೈದಾನ ನೋಡಿ ಅಭ್ಯಾಸ. ಬುಧವಾರದ ಹೊತ್ತಿಗೆ ಪ್ರಾಯೋಜಕರ ಅತಿಥಿಗಳ ಜೊತೆ ಆಡುವ ಪ್ರೊ-ಆಮ್ ಇರುತ್ತದೆ. ಗುರುವಾರದಿಂದ ಭಾನುವಾರ ನಾಲ್ಕು ಸುತ್ತು, ಒಂದೊಂದು ಸುತ್ತಿಗೆ 18 ಕುಳಿ. ಚೆಂಡನ್ನು ಕುಳಿಗೆ ಹಾಕಲು ಕಡಿಮೆ ಹೊಡೆತ ತೆಗೆದುಕೊಂಡವರು ಮುಂದೆ. ಭಾನುವಾರ ರಾತ್ರಿ ಮತ್ತೆ ಚೀಲ ಕಟ್ಟಬೇಕು. ಆ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು ಎಂಬುದು ಆಟದ ನಿಯಮ. ವಿಮಾನದಲ್ಲಿ ಅದೇ ಒಂದು ದೊಡ್ಡ ಲಗೇಜು.

ಈಗ ದುಡ್ಡಿನ ಮಾತು. ನಾನು ಕಾಮರ್ಸ್ ವಿದ್ಯಾರ್ಥಿ, ನನಗೆ ಬೇಕಾಗಿದ್ದೂ ಇದೇ.

ಶುಕ್ರವಾರ ಸಂಜೆ 'ಕಟ್' ಎಂಬ ಗೆರೆ ಎಳೆಯುತ್ತಾರೆ. ನೂರಕ್ಕಿಂತ ಹೆಚ್ಚು ಮಂದಿಯಲ್ಲಿ ಸುಮಾರು ಅರವತ್ತೈದು ಮಂದಿ ಉಳಿಯುತ್ತಾರೆ, ಉಳಿದವರು ಮನೆಗೆ. ಹಾಗೆ ಹೊರಬಿದ್ದವರಿಗೆ ಸಾಮಾನ್ಯವಾಗಿ ಒಂದು ಪೈಸೆಯೂ ಬರುವುದಿಲ್ಲ. ಆದರೆ ವಿಮಾನ, ಹೋಟೆಲ್, ಊಟ, ವೀಸಾ, ಕ್ಯಾಡಿಯ ವಾರದ ಕೂಲಿ ಎಲ್ಲ ಆಗಲೇ ಖರ್ಚಾಗಿರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕಕ್ಕೆ ಒಂದು ವೀಸಾ, ಯುರೋಪಿಗೆ ಒಂದು, ಬ್ರಿಟನ್ನಿಗೆ ಮತ್ತೊಂದು. ಹೋದ ವರ್ಷ ಒಂದು ಉರುಸ್‌ನಲ್ಲಿ ಎರಡು ದಿನ ಬಿಡದೆ ಮಳೆ ಸುರಿಯಿತು. ಬಳೆ ಪೆಟ್ಟಿಗೆ ಬಿಚ್ಚಲೇ ಇಲ್ಲ, ಕಟ್ಟಿದ್ದ ಜಾಗದ ಬಾಡಿಗೆ ವಾಪಸ್ ಬರಲಿಲ್ಲ. ಕಟ್ ತಪ್ಪುವುದು ಏನೆಂದು ಅಬ್ಬಾಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಕಟ್ ದಾಟಿದರೂ ಹಂಚಿಕೆ ಸಮಾನವಲ್ಲ. ಈ ಎರಡೂ ಟೂರ್‌ಗಳಲ್ಲಿ ಒಟ್ಟು ಬಹುಮಾನದ ಶೇ. 15ರಷ್ಟು ಗೆದ್ದವರಿಗೆ ಹೋಗುತ್ತದೆ. ಕೊನೆಯಲ್ಲಿ ನಿಂತವರಿಗೆ ಅರ್ಧ ಶೇಕಡಾ ಕೂಡ ಸಿಗುವುದಿಲ್ಲ. ಬಂದ ಬಹುಮಾನದಲ್ಲಿ ಕ್ಯಾಡಿಗೆ ಪಾಲು ಕೊಡುವುದು ರೂಢಿ, ಗೆದ್ದ ವಾರ ಶೇ. 10 ಎಂಬುದು ಎಲ್ಲರಿಗೂ ಗೊತ್ತಿರುವ ದರ. ಆಡಿದ ದೇಶ ತನ್ನ ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳಬಹುದು. ಹಾಗಾಗಿ ಪತ್ರಿಕೆಯಲ್ಲಿ ಬರುವ ಬಹುಮಾನದ ಮೊತ್ತ ನಮ್ಮ ಲೆಕ್ಕದ ಭಾಷೆಯಲ್ಲಿ ಮಾರಾಟ ಮಾತ್ರ, ಲಾಭ ಅಲ್ಲ.

ಕ್ಯಾಡಿ ಎಂದರೆ ಚೀಲ ಹೊರುವವನು ಎಂದು ನಾನು ಅಂದುಕೊಂಡಿದ್ದೆ. ಗಾಳಿ, ದೂರ, ಇಳಿಜಾರು ನೋಡಿ ಯಾವ ಕೋಲು ಹಿಡಿಯಬೇಕೆಂದು ಸಲಹೆ ಕೊಡುವವರೂ ಅವರೇ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಮೊದಲು ಕ್ಯಾಡಿಯಾಗಿದ್ದವರು! ಅದಿತಿಗೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಕ್ಯಾಡಿ, ಟೋಕಿಯೊದಲ್ಲಿ ಅಮ್ಮ. ಮನೆಯವರು ಬಂದರೆ ಕೂಲಿ ಉಳಿಯುತ್ತದೆ. ಆದರೆ ಅವರು ಬಿಟ್ಟು ಬಂದ ಕೆಲಸವನ್ನು ಯಾವ ಕಾಲಂನಲ್ಲಿ ಬರೆಯುವುದು? ನಮ್ಮ ಮನೆಯಲ್ಲೂ ಅಮ್ಮಿ ರಾತ್ರಿ ಹನ್ನೆರಡರ ತನಕ ಬಳೆ ಜೋಡಿಸುತ್ತಾರೆ. ಅಬ್ಬಾನ ವಹಿಯಲ್ಲಿ ಅದು ಎಲ್ಲೂ ಇಲ್ಲ.

ಟೋಕಿಯೊ ನಿಮಗೆ ನೆನಪಿರಬಹುದು. 2021ರ ಆಗಸ್ಟ್ 7, ನೀರಜ್ ಚೋಪ್ರಾ ಚಿನ್ನ ಗೆದ್ದ ದಿನ. ಅಂದು ಬೆಳಿಗ್ಗೆ, ವಿಶ್ವದಲ್ಲಿ 200ನೇ ಸ್ಥಾನದಲ್ಲಿದ್ದ ಅದಿತಿ ನಾಲ್ಕನೆಯವರಾದರು. ಕಂಚಿಗೆ ಒಂದೇ ಹೊಡೆತ ಸಾಲಲಿಲ್ಲ. ಕೆಲವೇ ತಿಂಗಳ ಹಿಂದೆ ಕೋವಿಡ್ ಬಂದು ಹೋಗಿತ್ತು, ಹೊಡೆತದ ದೂರವೂ ತಗ್ಗಿತ್ತು. ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ಬಹುಮಾನದ ಹಣವಿಲ್ಲ, ಆದ್ದರಿಂದ ಆ ವಾರ ಜಮಾ ಏನೂ ಇಲ್ಲ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು 2023ರ ಎರಡು ವಾರಗಳು. ಫೆಬ್ರವರಿಯಲ್ಲಿ ಅದಿತಿ ಕೀನ್ಯಾ ಲೇಡೀಸ್ ಓಪನ್ ಗೆದ್ದರು, ಅದೂ ಒಂಬತ್ತು ಹೊಡೆತಗಳ ಅಂತರದಲ್ಲಿ. ಒಟ್ಟು ಬಹುಮಾನ 3 ಲಕ್ಷ ಯೂರೊ, ಅವರ ಪಾಲು 45,000 ಯೂರೊ, ಅಂದಿನ ದರದಲ್ಲಿ ಸುಮಾರು 40 ಲಕ್ಷ ರೂಪಾಯಿ. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಎಲ್‌ಪಿಜಿಎ ಸ್ಪರ್ಧೆಯಲ್ಲಿ ಮೂವರು ಸಮ ಬಂದು ಪ್ಲೇಆಫ್ ನಡೆಯಿತು. ಆಸ್ಟ್ರೇಲಿಯಾದ ಹ್ಯಾನಾ ಗ್ರೀನ್ ಗೆದ್ದರು, ಅದಿತಿ ಮತ್ತು ಚೀನಾದ ಲಿನ್ ಶಿಯು ಸೋತರು. ಆದರೂ ಅಲ್ಲಿ ಒಟ್ಟು ಬಹುಮಾನ 30 ಲಕ್ಷ ಡಾಲರ್ ಇದ್ದುದರಿಂದ ಅದಿತಿಗೆ 2 ಲಕ್ಷ ಡಾಲರಿಗೂ ಹೆಚ್ಚು ಸಿಕ್ಕಿತು, ಎಂದರೆ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಗೆದ್ದ ವಾರಕ್ಕಿಂತ ಸೋತ ವಾರ ನಾಲ್ಕು ಪಟ್ಟು! ಎಷ್ಟು ಚೆನ್ನಾಗಿ ಆಡಿದೆ ಎಂಬುದರ ಜೊತೆಗೆ ಎಲ್ಲಿ ಆಡಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆ ದೊಡ್ಡ ಮೈದಾನದಲ್ಲಿ ಆಡುವ ಕಾರ್ಡ್ ಉಳಿಸಿಕೊಳ್ಳಲು ವರ್ಷಪೂರ್ತಿ ಪಟ್ಟಿಯಲ್ಲಿ ಮೇಲೆ ಇರಬೇಕು. ಕೆಳಗೆ ಜಾರಿದರೆ ಮತ್ತೆ ಅರ್ಹತಾ ಸ್ಪರ್ಧೆ.

ಅಬ್ಬಾ ಹೇಳಿದ "ನಮ್ಮ ಹಾಗೇ" ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಾಲ್ಫ್ ಕಲಿಯಲು ಮೊದಲೇ ಬಂಡವಾಳ ಬೇಕು, ನಮ್ಮ ಓಣಿಯ ಮಕ್ಕಳಿಗೆ ಆ ಹುಲ್ಲಿನ ಮೇಲೆ ಕಾಲಿಡುವುದೇ ಕಷ್ಟ. ಒಳ್ಳೆಯ ಆಟಗಾರರಿಗೆ ಪ್ರಾಯೋಜಕರು ಸಿಗುತ್ತಾರೆ. ಬಳೆ ವ್ಯಾಪಾರಿಯ ಟೋಪಿಯ ಮೇಲೆ ಯಾವ ಕಂಪನಿಯೂ ತನ್ನ ಹೆಸರು ಹಾಕಿಸುವುದಿಲ್ಲ.

ಕೀನ್ಯಾ ಮತ್ತು ಲಾಸ್ ಏಂಜಲೀಸ್‌ನ ಲೆಕ್ಕವನ್ನು ಅಬ್ಬಾಗೆ ಕಾಗದದ ಮೇಲೆ ಬರೆದು ತೋರಿಸಿದೆ. ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ತಮ್ಮ ಹಳೆಯ ವಹಿ ತಂದು ನನ್ನ ಮುಂದಿಟ್ಟರು. "ಮೂರು ವರ್ಷದ ಬಾಡಿಗೆ, ಬಸ್ ಚಾರ್ಜು, ವ್ಯಾಪಾರ ಎಲ್ಲ ಇದರಲ್ಲಿದೆ ಬೇಟಾ. ಈ ಸಲ ಯಾವ ಉರುಸ್ ಬಿಡಬೇಕು, ಯಾವುದಕ್ಕೆ ಹೋಗಬೇಕು, ನೀನೇ ನೋಡಿ ಹೇಳು" ಎಂದರು. ಹದಿನಾಲ್ಕು ಊರುಗಳಿವೆ. ಆರು ಮುಗಿಸಿದ್ದೇನೆ.